ಬೂಟು ಬಿಚ್ಚದೆ ಆಕ್ಲೆಂಡಿಗೆ

ಬಸವಕಲ್ಯಾಣ

ಪಾಸ್‌ಪೋರ್ಟ್ ಕೈಗೆ ಬಂದ ದಿನ ಅವ್ವ ಕೇಳಿದ ಮೊದಲ ಪ್ರಶ್ನೆ ವಿಮಾನ ಬೀಳುತ್ತದೆಯೇ ಎಂಬುದಾಗಿರಲಿಲ್ಲ.

"ಒಟ್ಟ ಎಷ್ಟ ತಾಸ ಕುಂದ್ರಬೇಕು?" ಎಂದಳು.

"ಎಲ್ಲಾ ಕೂಡಿ ಒಂದೂವರಿ ದಿನ ಆಗ್ತದ ಯವ್ವಾ. ನಡುವ ಸಿಂಗಪುರದಾಗ ಒಂದ್ ಹಗಲು ಇಳೀತೀವಿ."

"ಮತ್ತ ಜಳಕಾ?"

"ವಿಮಾನದಾಗ ಜಳಕಾ ಎಲ್ಲೀದು?"

ಅವ್ವ ಪಾಸ್‌ಪೋರ್ಟನ್ನು ಸೆರಗಿನಿಂದ ಒಮ್ಮೆ ಒರೆಸಿ ನನ್ನ ಕೈಗೆ ವಾಪಸು ಕೊಟ್ಟಳು. "ಹಂಗಾದ್ರ ನೀ ಒಬ್ಬಾಕೇ ಹೋಗಿ ಬಾ. ಲಗ್ನದ ಫೋಟೋ ತೋರಸು, ನೋಡ್ತೀನಿ."

ನನ್ನ ಅವ್ವನ ಹೆಸರು ರುಕ್ಮಾಬಾಯಿ. ಬಸವಕಲ್ಯಾಣ ತಾಲ್ಲೂಕಿನಲ್ಲಿ ನಾರಾಯಣಪುರದ ಆಚೆಗಿರುವ ಒಂದು ಸಣ್ಣ ಊರು ನಮ್ಮದು. ಬೌದ್ಧರ ಮನೆ. ನಮ್ಮ ಓಣಿ ಊರಿನ ಕೊನೆಗೆ, ಹಳ್ಳದ ಆ ದಂಡೆಗೆ. ಅರವತ್ತು ದಾಟಿರುವ ಅವ್ವ ಬುದ್ಧಿ ಬಂದಾಗಿನಿಂದ ಮಂದಿಯ ಹೊಲದಲ್ಲಿ ಕಳೆ ತೆಗೆದವಳು, ತೊಗರಿ ಕೊಯ್ದವಳು, ಉದ್ದು ಬಡಿದವಳು. ಹೊಲದಿಂದ ಬಂದೊಡನೆ ಯಾರೊಂದಿಗೂ ಮಾತಾಡದೆ ನೇರ ಬಚ್ಚಲಿಗೆ ಹೋಗುತ್ತಿದ್ದಳು. ಆಕೆ ಮೈ ತಿಕ್ಕುವ ಸಪ್ಪಳ ಅಂಗಳದ ತನಕ ಕೇಳುತ್ತಿತ್ತು. ಯಾರದಾದರೂ ಮನೆಗೆ ಹೋದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೊದಲು ನೋಡುವಳು. ಆಮೇಲೆ ತನ್ನ ಮೈಮೇಲಿನ ಗಾಳಿ ಮತ್ತೊಬ್ಬರ ಕಡೆ ಹೋಗದಂಥ ಜಾಗ ಹುಡುಕಿ ಕೂಡುವಳು. ನಾನು ದೊಡ್ಡವಳಾಗುವ ತನಕ ಎಲ್ಲರ ತಾಯಂದಿರೂ ಹೀಗೆಯೇ ಕೂಡುತ್ತಾರೆ ಎಂದುಕೊಂಡಿದ್ದೆ.

ನನ್ನ ತಂಗಿ ಗೌತಮಿ ಬೀದರಿನಲ್ಲಿ ನರ್ಸಿಂಗ್ ಓದಿ, ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ದುಡಿದು, ಅಲ್ಲಿಂದ ನ್ಯೂಜಿಲೆಂಡಿಗೆ ಹೋದವಳು. ಅಲ್ಲೇ ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ವಿರೇಮು ಎಂಬ ಹುಡುಗನನ್ನು ಮೆಚ್ಚಿದಳು. ಅವನು ಮಾವೋರಿ, ಆ ದ್ವೀಪದ ಮೂಲದ ಜನ. ತಾಯಿ ಇಲ್ಲದ ಅವನನ್ನು ಸಾಕಿದ್ದು ಮೆರೆ ಎಂಬ ದೊಡ್ಡಮ್ಮ. ಲಗ್ನ ಮಾರ್ಚಿನಲ್ಲಿ ಎಂದು ಗೊತ್ತಾಯಿತು.

ಅವ್ವ ಬರುವುದಿಲ್ಲವಂತೆ ಎಂದು ನಾನು ಫೋನಿನಲ್ಲಿ ಹೇಳಿದಾಗ ಗೌತಮಿ, "ಆಕೀಗಿ ಫೋನ್ ಕೊಡಕ್ಕಾ" ಎಂದಳು. ತಂಗಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅವ್ವನ ಮಾತು ಮಾತ್ರ ಕೇಳಿತು.

"ಬರ್ತೀನಿ, ಅಳಬ್ಯಾಡ. ಏನು? ಇಳದ ಕೂಡ್ಲೇ ಬೀಗತಿ ಅಲ್ಲೇ ಬಂದ್ ನಿಂತಿರ್ತಾಳ? ಒಂದೂವರಿ ದಿನದ ಬೆವರಿನ ಮ್ಯಾಲ ನಾ ಆಕಿ ಮುಂದ ಹ್ಯಾಂಗ ನಿಲ್ಲಲಿ?"

ಅಂದಿನಿಂದ ತಯಾರಿ ಶುರುವಾಯಿತು. ಬಸವಕಲ್ಯಾಣದ ಡಾಕ್ಟರರು ಅವ್ವನ ಕಾಲು ಒತ್ತಿ ನೋಡಿ, ದೂರದ ವಿಮಾನ ಎಂದರೆ ನೀರು ಮೇಲಿಂದ ಮೇಲೆ ಕುಡಿಯಬೇಕು, ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು, ಬೂಟು ಬಿಚ್ಚಿ ಕಾಲು ಆಡಿಸುತ್ತ ಇರಬೇಕು ಎಂದರು. ಅವ್ವ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಎಂದಳು. ಹೊರಗೆ ಬಂದ ಮೇಲೆ, "ಬೂಟ ಮಾತ್ರ ಬಿಚ್ಚೂದಿಲ್ಲ. ಬಿಚ್ಚಿದ್ರ ವಾಸನಿ ಬರ್ತದ" ಎಂದು ನನಗೆ ಹೇಳಿದಳು.

ಅದೇ ಸಂಜೆ ಪೇಟೆಯಲ್ಲಿ ಅವಳಿಗೆ ಬಿಳಿ ಕ್ಯಾನ್ವಾಸ್ ಬೂಟು ಕೊಂಡೆವು. ಹುಣ್ಣಿಮೆಯ ದಿನ ಬುದ್ಧ ವಿಹಾರಕ್ಕೆ ಹೋಗುವಾಗ ಉಡುತ್ತಿದ್ದ ನೀಲಿ ಅಂಚಿನ ಬಿಳಿ ಸೀರೆಯನ್ನು ಇಸ್ತ್ರಿ ಮಾಡಿಸಿ, ಹಳೆಯ ಪಂಜೆಯಲ್ಲಿ ಸುತ್ತಿ ಇಟ್ಟುಕೊಂಡಳು. ಬೀಗತಿಯ ಮುಂದೆ ನಿಲ್ಲುವ ಸೀರೆ ಅದು.

ಹುಮನಾಬಾದ

ಹೈದರಾಬಾದಿನ ಬಸ್ಸನ್ನು ಹುಮನಾಬಾದಿನಲ್ಲಿ ಹಿಡಿಯಬೇಕಿತ್ತು. ನಾನು ಇರುವುದೂ ಅಲ್ಲಿಯೇ. ಹದಿನೈದು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ರಜೆ ಹಾಕಿ, ಸೀರೆ ಉಟ್ಟು, ಕೈಯಲ್ಲಿ ಟಿಕೆಟ್ ಮೆಷಿನ್ ಇಲ್ಲದೆ ಬಸ್ ಹತ್ತಿದಾಗ ಎರಡೂ ಕೈ ಹಗುರಾಗಿ, ನೀರಿನಲ್ಲಿ ತೇಲಿದ ಹಾಗೆ ಅನ್ನಿಸಿತು.

ಮುಂದಿನ ಸೀಟುಗಳು ಖಾಲಿ ಇದ್ದವು. ಅವ್ವ ಅವುಗಳ ಕಡೆ ನೋಡಲೂ ಇಲ್ಲ. ಚೀಲ ಎದೆಗೆ ಅವುಚಿಕೊಂಡು ನೇರ ಕೊನೆಯ ಸಾಲಿಗೆ ಹೋಗಿ ಕಿಟಕಿ ಪಕ್ಕ ಕುಳಿತಳು.

"ಯವ್ವಾ, ಇಲ್ಲಿ ಮುಂದ ಬಾ. ಹಿಂದ ಭಾಳ ಕುಲಕ್ತದ."

"ನನಗ ಇಲ್ಲೇ ಬರೋಬರ್ ಆಗ್ತದ. ನೀ ಕೂಡು."

ನಾನೂ ಹಿಂದೆ ಹೋಗಿ ಅವಳ ಬಾಜುವಿಗೆ ಕುಳಿತೆ. ಬಸ್ಸು ಹೊರಟಿತು. ಮಾಣಿಕನಗರದ ಕಡೆಗೆ ಹೋಗುವ ಆಟೋಗಳು, ಹೂವಿನ ಬುಟ್ಟಿ ಹಿಡಿದವರು, ಬಿಸಿಲಿಗೆ ಬಿಳಿಚಿದ ಅಂಗಡಿಗಳ ಹಲಗೆಗಳು ಹಿಂದೆ ಸರಿದವು. ನನಗೆ ಅವು ಯಾವುವೂ ನಿಚ್ಚಳವಾಗಿ ಕಾಣಲಿಲ್ಲ. ಈ ಕೊನೆಯ ಸಾಲು ನನಗೆ ಬೇರೆಯದನ್ನು ನೆನಪಿಸುತ್ತಿತ್ತು.

ಅದು ನಾನು ನೌಕರಿಗೆ ಸೇರಿದ ಹೊಸತು. ತೊಗರಿ ಕೊಯ್ಲಿನ ದಿನಗಳು. ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಸಂಜೆಯ ಬಸ್ಸಿನಲ್ಲಿ ನಾನು ಡ್ಯೂಟಿಯಲ್ಲಿದ್ದೆ. ನನ್ನ ಮಗನಿಗೆ ಜ್ವರ ಎಂದು ಕೇಳಿ ಅವ್ವ ಹೊಲದಿಂದಲೇ ಹೊರಟು, ದಾರಿಯಲ್ಲಿ ಒಂದು ಕ್ರಾಸಿನಲ್ಲಿ ಬಸ್ ಹತ್ತಿದಳು. ಕೂದಲಲ್ಲಿ ತೊಗರಿಯ ಎಲೆಯ ಚೂರು, ಸೀರೆಯ ಮೇಲೆ ದಿನವಿಡೀ ಒಣಗಿದ ಬೆವರಿನ ಬಿಳಿ ಗೆರೆ. ನನ್ನನ್ನು ಕಂಡು ನಕ್ಕು ಮೊದಲ ಸೀಟಿನಲ್ಲಿ ಕುಳಿತಳು. ಅವಳ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ನನಗೆ ಹೇಳಿದಳು:

"ಕಂಡಕ್ಟರ್ ಬಾಯಿ, ಈಕೀಗಿ ಹಿಂದ ಕಳಸ್ರಿ. ವಾಸನಿಗಿ ಕೂಡಾಕ ಆಗವಲ್ದು."

ಸುತ್ತಲಿನವರೆಲ್ಲ ನನ್ನ ಮುಖ ನೋಡಿದರು. ನನ್ನ ಮೈಮೇಲೆ ಹೊಸ ಖಾಕಿ ಬಟ್ಟೆ. ಈಕೆ ನನ್ನ ತಾಯಿ ಎಂದು ಹೇಳಲು ಒಂದು ಮಾತು ಸಾಕಿತ್ತು. ಅದನ್ನು ಬಿಟ್ಟು ಬೇರೆ ಮಾತು ನನ್ನ ಬಾಯಿಂದ ಬಂತು.

"ಹಿಂದ ಸೀಟ ಖಾಲಿ ಅದ ನೋಡ್ರಿ."

ನೋಡ್ರಿ. ಹೆತ್ತ ತಾಯಿಗೆ, ಗುರುತಿಲ್ಲದವರಿಗೆ ಅನ್ನುವ ಹಾಗೆ 'ರಿ' ಹಚ್ಚಿ ಮಾತಾಡಿದೆ. ನಮ್ಮ ಮನೆಯಲ್ಲಿ ಅವ್ವನಿಗೆ ಎಂದೂ ಯಾರೂ ಹಾಗೆ ಅಂದವರಲ್ಲ. ಅವ್ವ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು ಹಿಂದೆ ಹೋದಳು. ಹುಮನಾಬಾದಿನಲ್ಲಿ ಇಳಿದು, ಮಂದಿ ಚದುರುವ ತನಕ ನನ್ನಿಂದ ಹತ್ತು ಹೆಜ್ಜೆ ದೂರ ನಡೆದು ಮನೆಗೆ ಬಂದಳು. ಬಂದವಳೇ ಬಚ್ಚಲು ಎಲ್ಲಿದೆ ಎಂದು ಕೇಳಿದಳು. ಆ ಬಸ್ಸಿನ ಮಾತು ಆಮೇಲೆ ನಮ್ಮಿಬ್ಬರ ನಡುವೆ ಯಾವತ್ತೂ ಬರಲಿಲ್ಲ.

ಮೊದಲ ವಿಮಾನ

ಹೈದರಾಬಾದಿನಿಂದ ಹಾರಿದ ವಿಮಾನದಲ್ಲಿ ಎಲ್ಲರೂ ಕೂತ ಮೇಲೆ ಗಗನಸಖಿಯೊಬ್ಬಳು ಚಿಮ್ಮಟದಿಂದ ಎತ್ತಿ ಬಿಸಿ ಬಿಸಿ ಒದ್ದೆ ಕರವಸ್ತ್ರಗಳನ್ನು ಒಬ್ಬೊಬ್ಬರ ಕೈಗೂ ಇಡುತ್ತ ಬಂದಳು. ಮಂದಿ ಅದರಿಂದ ಮುಖ ಒರೆಸಿಕೊಂಡರು, ಕುತ್ತಿಗೆ ಒರೆಸಿಕೊಂಡರು. ಅವ್ವ ಅದನ್ನು ಮೂಸಿ ನೋಡಿ, ಎದುರಿನ ಪುಟ್ಟ ಹಲಗೆಯನ್ನು ಒರೆಸಿದಳು, ಕೈ ಇಡುವ ಜಾಗ ಒರೆಸಿದಳು, ಕಿಟಕಿಯ ಚೌಕಟ್ಟು ಒರೆಸಿದಳು.

"ಮುಖಾ ಒರಸ್ಕೊಳ್ಳಾಕ ಕೊಟ್ಟಾರ ಯವ್ವಾ."

"ಹೌದೇನು? ನಾ ಕುಂತ ಜಾಗಾ ನಾನೇ ಸ್ವಚ್ಛ ಮಾಡಿ ಏಳಬೇಕಂತ ಮಾಡಿದ್ದೆ."

ಗಗನಸಖಿ ತಿರುಗಿ ಬಂದಾಗ ಹಲಗೆಯ ಹೊಳಪು ನೋಡಿ ನಕ್ಕು, ಇನ್ನೊಂದು ಕರವಸ್ತ್ರ ಕೊಟ್ಟಳು. ಈ ಸಲ ಅವ್ವ ಅದನ್ನು ಎರಡೂ ಕಣ್ಣಿನ ಮೇಲೆ ಇಟ್ಟುಕೊಂಡು, ತಣ್ಣಗಾಗುವ ತನಕ ಹಾಗೇ ಕುಳಿತಳು.

ಕಿವಿ ಕಟ್ಟದಿರಲೆಂದು ಸೋಂಪು ಜಗಿಯುತ್ತಿದ್ದಳು. ತುಟಿ ಒಡೆಯದಿರಲೆಂದು ನಾನು ಹಚ್ಚಿದ ತುಪ್ಪ ಅವಳ ತುಟಿಯ ಮೇಲೆ ಮಿನುಗುತ್ತಿತ್ತು. ತಾಸಿಗೊಮ್ಮೆ ಎದ್ದು ನಡೆಯಬೇಕೆಂದರೆ, ಸಾಲಿನ ಕೊನೆಯ ತನಕ ಹೋಗಿ ಬರುವಳು. ಬಾಗಿಲು ಕಾಣದ ಈ ಉದ್ದನೆಯ ಮನೆಯಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಅದು ಅವಳಿಗೆ ಹಿಡಿಸಿತು. ಬೂಟು ಮಾತ್ರ ಬಿಚ್ಚಲಿಲ್ಲ.

ಸಿಂಗಪುರ

ಸಿಂಗಪುರದಲ್ಲಿ ಬೆಳಗು ಹರಿದಿತ್ತು. ಆದರೆ ಆ ವಿಮಾನ ನಿಲ್ದಾಣದ ಒಳಗೆ ಹೊತ್ತು ಎಂಬುದೇ ಇಲ್ಲ. ನೆಲದ ಮೇಲೆ ದಪ್ಪ ಜಮಖಾನೆ, ಹೆಜ್ಜೆಯ ಸಪ್ಪಳವನ್ನೆಲ್ಲ ಅದೇ ನುಂಗುತ್ತದೆ. ಗಾಜಿನ ಆಚೆ ವಿಮಾನಗಳು ಸದ್ದಿಲ್ಲದೆ ಸರಿಯುತ್ತವೆ. ಉದ್ದನೆಯ ಕುರ್ಚಿಗಳ ಮೇಲೆ ದೇಶ ದೇಶದವರು ಬಾಯಿ ತೆರೆದು ಮಲಗಿದ್ದರು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರು ಚೀಲದ ಹಿಡಿಕೆಯನ್ನು ಕೈಗೆ ಸುತ್ತಿಕೊಂಡಿರುತ್ತಾರೆ. ಇಲ್ಲಿಯೂ ಹಾಗೇ ಸುತ್ತಿಕೊಂಡಿದ್ದರು.

"ಈಗ ನಮ್ಮೂರಾಗ ಎಷ್ಟ ಗಂಟಿ?" ಎಂದು ಅವ್ವ ಕೇಳಿದಳು. ಎರಡೂವರೆ ತಾಸು ಹಿಂದೆ ಎಂದೆ. ಬಹಳ ಹೊತ್ತು ಯೋಚಿಸಿ, "ಹಂಗಾದ್ರ ಅಲ್ಲಿ ಇನ್ನಾ ಯಾರೂ ಎದ್ದಿಲ್ಲ. ನಾವು ಎಲ್ಲಾರಕಿಂತ ಮುಂದ ಎದ್ದೀವಿ" ಎಂದಳು.

ಅಲ್ಲಿ ಪ್ರಯಾಣಿಕರಿಗೆ ಜಳಕದ ಕೋಣೆಗಳಿವೆ ಎಂದು ಗೌತಮಿ ಮೊದಲೇ ಹೇಳಿದ್ದಳು. ಬೋರ್ಡು ಹುಡುಕುತ್ತ ಹೋದರೆ, ಗೊರಟೆ ಹೂವಿನ ಬಣ್ಣದ ಸಮವಸ್ತ್ರ ತೊಟ್ಟ ಹೆಂಗಸು ಅವ್ವನ ಕೈಗೆ ಬಿಳಿ ಟವೆಲು ಕೊಟ್ಟು ಒಂದು ಬಾಗಿಲು ತೋರಿಸಿದಳು. ಬಿಸಿ ನೀರು, ತಣ್ಣೀರು ಹೇಗೆ ತಿರುಗಿಸಬೇಕೆಂದು ನಾನು ತೋರಿಸಿ ಹೊರಗೆ ನಿಂತೆ.

ನೀರು ಬೀಳುವ ಸದ್ದು ಬಹಳ ಹೊತ್ತು ಬಂತು. ಅದರ ನಡುವೆ ಮೈ ತಿಕ್ಕುವ ಆ ಹಳೆಯ ಸಪ್ಪಳಕ್ಕಾಗಿ ಕಿವಿಗೊಟ್ಟೆ. ಇರಲಿಲ್ಲ. ಸುಮ್ಮನೆ ನೀರು ಬೀಳುತ್ತಿತ್ತು. ಗಾಬರಿಯಾಗಿ ಬಾಗಿಲು ಬಡಿದೆ.

"ಯವ್ವಾ, ಏನಾತು?"

"ಏನೂ ಇಲ್ಲ. ನಿಂತೀನಿ. ಬಿಸಿ ನೀರ ಮುಗಿಯವಲ್ದು."

ಹೊರಗೆ ಬಂದಾಗ ನೀಲಿ ಅಂಚಿನ ಬಿಳಿ ಸೀರೆ ಉಟ್ಟಿದ್ದಳು. ಆಕ್ಲೆಂಡ್ ಹತ್ತಿರ ಬಂದಾಗ ಉಡಬೇಕೆಂದು ಇದ್ದ ಸೀರೆ ಅದು. ವಿಮಾನದ ಬಚ್ಚಲಲ್ಲಿ ಕೈ ಚಾಚಲೂ ಜಾಗವಿಲ್ಲ, ಇಲ್ಲೇ ಉಟ್ಟುಬಿಟ್ಟೆ ಎಂದಳು. ಅವಳ ಮೈಯಿಂದ ತಂಪಾದ ಒಂದು ಪರಿಮಳ ಬರುತ್ತಿತ್ತು. ಅಲ್ಲಿಯ ಸೋಪು ಇರಬೇಕು ಎಂದುಕೊಂಡೆ. ಟವೆಲು ತಿರುಗಿ ಪಡೆಯಲು ಬಂದ ಹೆಂಗಸು ಅವ್ವನನ್ನು ಮೇಲಿಂದ ಕೆಳಗೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದಳು. ಅವ್ವ ನಾಚಿ ಸೆರಗು ಸರಿಮಾಡಿಕೊಂಡಳು.

ಕಡಲಿನ ಮೇಲೆ

ಎರಡನೆಯ ವಿಮಾನ ಸಂಜೆ ಹೊರಟಿತು. ಹತ್ತು ತಾಸು. ಅವ್ವ ಕಿಟಕಿಗೆ, ನಾನು ನಡುವೆ, ಓಡಾಡುವ ದಾರಿಯ ಕಡೆಗೆ ಒಬ್ಬ ದೊಡ್ಡಾಳು. ವಿಮಾನ ಮೇಲೇರಿದ ಕೂಡಲೇ ಆತ ಬೂಟು ಕಳಚಿದ, ಕಾಲುಚೀಲವನ್ನೂ ಕಳಚಿದ, ಬರಿಗಾಲನ್ನು ಮುಂದಕ್ಕೆ ಚಾಚಿ ನಿದ್ದೆ ಹೋದ.

ಅವ್ವ ಸೀರೆಯ ಮಡಿಕೆ ಕೆಡದಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಅವನ ಕಾಲನ್ನು ಬಗ್ಗಿ ನೋಡಿ ಮೆಲ್ಲಗೆ, "ಈತಗ ಮಂದಿ ಖಬರ್ ಇಲ್ಲೇನು?" ಎಂದಳು.

"ವಾಸನಿ ಬರಾಕತ್ತದೇನು?"

"ಬರ್ತದ. ಬರದೇನು? ಆದ್ರ ಅವಗ ಯಾರೂ ಏನೂ ಅನ್ನೂದಿಲ್ಲ."

ದೀಪಗಳು ನೀಲಿಯಾದವು, ಆಮೇಲೆ ಆರಿದವು. ನನಗೆ ನಿದ್ದೆ ಬರಲಿಲ್ಲ. ಎದ್ದು ನಡೆದೆ. ಎರಡೂ ಬದಿಗೆ ಕಂಬಳಿ ಹೊದ್ದು ಮಲಗಿದವರು, ಒಬ್ಬರ ಭುಜಕ್ಕೆ ಇನ್ನೊಬ್ಬರ ತಲೆ. ನನ್ನ ಕೈ ತಾನಾಗಿಯೇ ಒಂದೊಂದು ಸೀಟಿನ ಬೆನ್ನು ಹಿಡಿಯುತ್ತ ಸಾಗಿತು. ತುಟಿ ಊದುವ ಸೀಟಿ ಹುಡುಕಿತು. ಯಾರಿಗೆ ಯಾವ ಊರು ಎಂದು ಕೇಳಬೇಕು, ನಿದ್ದೆ ಹತ್ತಿದವರನ್ನು ಅವರ ಸ್ಟಾಪಿನಲ್ಲಿ ಎಬ್ಬಿಸಬೇಕು ಅನ್ನಿಸುತ್ತಿತ್ತು. ಆದರೆ ಇಲ್ಲಿ ಎಲ್ಲರದೂ ಒಂದೇ ಸ್ಟಾಪು. ಕೆಳಗೆ ಕಡಲು ಇದೆ ಎಂದು ಪರದೆಯ ಮೇಲಿನ ನಕ್ಷೆ ಹೇಳುತ್ತಿತ್ತು, ಕಿಟಕಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಒಮ್ಮೊಮ್ಮೆ ನಾವು ಮುಂದೆ ಹೋಗುತ್ತಿಲ್ಲ, ಎಲ್ಲೋ ಜೋತುಬಿದ್ದಿದ್ದೇವೆ, ಭೂಮಿಯೇ ನಮ್ಮ ಕೆಳಗೆ ನಿಧಾನ ಉರುಳುತ್ತಿದೆ ಅನ್ನಿಸಿತು.

ತಿರುಗಿ ಬಂದು ಕುಳಿತು ಜೊಂಪು ಹತ್ತಿದವಳು ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಒಂದು ಗೆರೆ ಬೆಳಕಿತ್ತು. ಅದು ಕೆಂಪಾಯಿತು, ಆಮೇಲೆ ಕುಸುಬೆ ಹೂವಿನ ಬಣ್ಣವಾಯಿತು. ಕೆಳಗೆ ಮೋಡಗಳು ಬಿಡಿಸಿ ರಾಶಿ ಹಾಕಿದ ಹತ್ತಿಯಂತೆ ತುದಿಯ ತನಕ ಹರಡಿದ್ದವು. ಅವ್ವ ಹಾಗೇ ನೆಟ್ಟಗೆ ಕುಳಿತಿದ್ದಳು, ಒಂದು ರೆಪ್ಪೆಯೂ ಮುಚ್ಚಿರಲಿಲ್ಲ. ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಕಾಲ ಹೆಬ್ಬೆರಳಿನಿಂದ ಬೂಟನ್ನು ಒಳಗಿನಿಂದ ಒತ್ತುತ್ತಿದ್ದಳು. ನೋಯುತ್ತಿದೆ ಎಂದು ಗೊತ್ತಾಗುತ್ತಿತ್ತು.

ಆಗ ನನ್ನ ಬಾಯಿಂದ ಮಾತು ಬಂತು. ನೆಲದ ಮೇಲಿದ್ದಿದ್ದರೆ ಬರುತ್ತಿತ್ತೋ ಇಲ್ಲವೋ.

"ಯವ್ವಾ, ಅವತ್ತ ಬಸ್ಸಿನ್ಯಾಗ..."

ಯಾವತ್ತು ಎಂದು ಅವಳು ಕೇಳಲಿಲ್ಲ.

"ನಾ ನಿನಗ ನೋಡ್ರಿ ಅಂದೆ."

"ಅಂದಿದ್ದಿ." ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು.

ಕಿಟಕಿಯ ಗಾಜನ್ನು ಸೆರಗಿನಿಂದ ಒಮ್ಮೆ ಒರೆಸಿದಳು.

"ಹಿಂದ ಹೋಗಂದಿದ್ದಕ್ಕ ನನಗ ಏನೂ ಅನಸಲಿಲ್ಲ ಸುಜಾತಾ. ಹಿಂದಿನ ಸೀಟಿನ್ಯಾಗ ಗಾಳಿ ಚೊಲೋ ಬರ್ತಿತ್ತು. ಆ 'ರಿ' ಅಂದಿ ನೋಡು, ಅದ ಜರಾ..." ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ, "ನೌಕರಿ ಹೊಸಾದಿತ್ತು ನಿಂದು. ನನಗ ಗೊತ್ತಿತ್ತು" ಎಂದಳು.

"ತಪ್ಪಾತು ಯವ್ವಾ."

ಅವಳು ಪರವಾಗಿಲ್ಲ ಎನ್ನಲಿಲ್ಲ. ಕಾಲನ್ನು ನನ್ನ ಕಡೆ ಸರಿಸಿದಳು.

"ಈ ಬೂಟ ಬಿಚ್ಚು. ಕಾಲ ಸಿಡ್ಯಾಕತ್ತಾವ."

ನಾನು ಬಗ್ಗಿ, ಆ ಇಕ್ಕಟ್ಟಿನಲ್ಲಿ ಮಂಡಿಯೂರಿ, ಲೇಸು ಬಿಚ್ಚಿದೆ. ಪಾದಗಳು ಬಾತು, ಲೇಸಿನ ಗುರುತು ಚರ್ಮದ ಮೇಲೆ ಕೆಂಪಾಗಿ ಮೂಡಿತ್ತು. ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕಿದೆ. ವಾಸನೆ ಬಂತು. ಹೊಸ ರಬ್ಬರಿನದು, ಬೆವರಿನದು, ಅವ್ವನದು. ತಿಕ್ಕುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಅವಳ ನೆಟ್ಟಗಿನ ಬೆನ್ನು ಸಡಿಲಾಯಿತು, ತಲೆ ಕಿಟಕಿಗೆ ವಾಲಿತು. ಇಸ್ತ್ರಿಯ ಸೀರೆ ಮುದುಡಿ ಅವಳ ಕೆಳಗೆ ಸಿಕ್ಕಿಕೊಂಡಿತು. ಹುಮನಾಬಾದ ಬಿಟ್ಟ ಮೇಲೆ ಅವ್ವ ಮೊದಲ ಸಲ ನಿದ್ದೆ ಮಾಡಿದಳು.

ಆಕ್ಲೆಂಡ್

ವಿಮಾನ ಇಳಿಯುವಾಗ ಬೂಟು ಕಾಲಿಗೆ ಹೋಗಲಿಲ್ಲ. ಒತ್ತಿದೆವು, ತಿರುವಿದೆವು, ಅವ್ವನೂ ನಾನೂ ನಗಲು ಶುರು ಮಾಡಿದೆವು. ಕೊನೆಗೆ ವಿಮಾನದವರು ಕೊಟ್ಟಿದ್ದ ಬೂದು ಬಣ್ಣದ ಕಾಲುಚೀಲದಲ್ಲೇ, ಬೂಟು ಕೈಯಲ್ಲಿ ಹಿಡಿದು, ಅವ್ವ ಹೊಸ ದೇಶಕ್ಕೆ ಕಾಲಿಟ್ಟಳು.

ಸಾಮಾನು ಬರುವಲ್ಲಿ ನಾವು ನಿಂತಿದ್ದಾಗ ಒಂದು ಸಣ್ಣ ನಾಯಿ ಬಂತು. ಅದರ ಬೆನ್ನಿಗೆ ಹಸಿರು ಅಂಗಿ, ಹಗ್ಗ ಹಿಡಿದವನು ಒಬ್ಬ ಅಧಿಕಾರಿ. ಎಲ್ಲರ ಚೀಲಗಳನ್ನೂ ಮೂಸುತ್ತ ಬಂದ ನಾಯಿ ಅವ್ವನ ಹತ್ತಿರ ನಿಂತಿತು. ಅವಳ ಸೀರೆಯನ್ನು ಒಮ್ಮೆ ಮೂಸಿ, ಅಲ್ಲೇ ಅವಳೆದುರು ಕುಳಿತುಬಿಟ್ಟಿತು. ಏಳಲೊಲ್ಲದು.

ಅವ್ವನ ಮುಖ ಬಿಳಿಚಿತು. "ನೋಡು, ನಾಯಿಗೂ ಗೊತ್ತಾತು" ಎಂದು ನನ್ನ ಕೈ ಹಿಡಿದಳು. ಅಷ್ಟು ಹೊತ್ತಿನ ನೀರು, ಸೋಪು, ಇಸ್ತ್ರಿಯ ಸೀರೆ, ಎಲ್ಲ ಈ ನಾಯಿಯ ಮುಂದೆ ಸೋತಿತು ಎಂದುಕೊಂಡಿರಬೇಕು.

ಅಧಿಕಾರಿ ಮಂಡಿಯೂರಿ ಕುಳಿತು, ಅವ್ವನ ಕಣ್ಣ ಮಟ್ಟಕ್ಕಿಂತ ಕೆಳಗಿನಿಂದ ಮೆಲ್ಲಗೆ ಕೇಳಿದ. ಮೈಮೇಲೆ ಗಿಡ, ಬೇರು, ಬೀಜ, ಹಣ್ಣು ಏನಾದರೂ ಇದೆಯೇ ಎಂದು. ಇವರ ನೆಲಕ್ಕೆ ಹೊರಗಿನ ಬೇರು ಬೀಜ ಬರಬಾರದು, ಅದಕ್ಕೇ ಈ ನಾಯಿ ಎಂದು ನಾನು ಅವ್ವನಿಗೆ ತಿಳಿಸಿದೆ. ಅವ್ವ ತಡೆದು ತಡೆದು ಸೊಂಟದ ನೆರಿಗೆಯ ಒಳಗಿನಿಂದ ಬಟ್ಟೆಯ ಒಂದು ಸಣ್ಣ ಗಂಟು ತೆಗೆದಳು. ಬಿಚ್ಚಿದರೆ ಲಾವಂಚದ ಬೇರು. ಬಸವಕಲ್ಯಾಣದಲ್ಲಿ ನಾನು ಬೂಟು ನೋಡುತ್ತಿದ್ದಾಗ ಕೋಟೆ ರಸ್ತೆಯ ಅತ್ತರಿನ ಅಂಗಡಿಯಲ್ಲಿ ನನಗೆ ಹೇಳದೆ ಕೊಂಡದ್ದಂತೆ. ಸಿಂಗಪುರದಲ್ಲಿ ನಾನು ಸೋಪು ಎಂದುಕೊಂಡ ಪರಿಮಳ ಇದರದು.

ಏನೇನು ತಂದಿದ್ದೇವೆಂದು ಇಳಿಯುವ ಮೊದಲು ನಾವು ತುಂಬಿದ ಕಾಗದದಲ್ಲಿ ಬೇರಿನ ವಿಷಯ ಇರಲಿಲ್ಲ. ಇನ್ನೂ ತಪಾಸಣೆ ದಾಟಿಲ್ಲ, ಈಗಲೇ ಬರೆದರೆ ಆಯಿತು ಎಂದು ಅವನು ಪೆನ್ನು ಕೊಟ್ಟ. ಬೇರನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದು, ಕ್ಷಮಿಸಿ ಎಂದು ಹೇಳಿ ಡಬ್ಬಿಗೆ ಹಾಕಿದ. ನಾಯಿಗೆ ಒಂದು ತಿಂಡಿ ಕೊಟ್ಟ.

"ಬೇರಿನ ವಾಸನಿ ಹಿಡ್ಕೊಂಡು ಬಂದಿತ್ತು ಯವ್ವಾ, ನಿಂದಲ್ಲ."

ಈಗ ಅವ್ವನ ಕಾಲಲ್ಲಿ ಬೂಟಿಲ್ಲ, ಸೀರೆಗೆ ಇಸ್ತ್ರಿ ಇಲ್ಲ, ಸೊಂಟದಲ್ಲಿ ಬೇರೂ ಇಲ್ಲ. ಹೊರಗೆ ಹೋಗುವ ಬಾಗಿಲು ತಾನಾಗಿಯೇ ತೆರೆಯಿತು.

ಗೌತಮಿ ಓಡಿ ಬಂದು ಅವ್ವನನ್ನು ತಬ್ಬಿಕೊಂಡಳು. ಅವಳ ಹಿಂದೆ ಎತ್ತರದ ವಿರೇಮು, ಅವನ ಪಕ್ಕದಲ್ಲಿ ಅಗಲ ಮುಖದ, ನರೆಗೂದಲಿನ ಮುದುಕಿ. ಕಾಲಲ್ಲಿ ಹವಾಯಿ ಚಪ್ಪಲಿ. ಅವಳೇ ಮೆರೆ. ಅವ್ವ ಎರಡು ಹೆಜ್ಜೆ ಹಿಂದೆ ಸರಿದು ದೂರದಿಂದಲೇ ಕೈ ಮುಗಿದಳು. ಮೆರೆ ಅಲ್ಲಿಗೇ ನಡೆದು ಬಂದಳು. ಅವ್ವನ ಮುಗಿದ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಬಗ್ಗಿ, ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ನಿಂತಳು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದಳು.

ಅವರ ನಮಸ್ಕಾರ ಅದು. ಒಬ್ಬರ ಉಸಿರು ಇನ್ನೊಬ್ಬರ ಒಳಗೆ ಹೋಗಬೇಕು, ಆಗಲೇ ಪರಕೀಯರು ಮನೆಯವರಾಗುವುದು. ಇದು ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಕಂಡದ್ದು ಅವ್ವನ ಭುಜಗಳು ಮಾತ್ರ. ಮೊದಲು ಕಲ್ಲಿನಂತೆ ಬಿಗಿದಿದ್ದವು. ಅವಳು ಉಸಿರು ಹಿಡಿದಿದ್ದಳು. ಎಷ್ಟು ಹೊತ್ತು ಹಿಡಿದಾಳು? ಮೆರೆ ಬಿಡಲಿಲ್ಲ. ಕೊನೆಗೆ ಅವ್ವ ಉಸಿರು ಬಿಟ್ಟಳು, ಆಮೇಲೆ ಎಳೆದುಕೊಂಡಳು. ಇಬ್ಬರು ಮುದುಕಿಯರು ಆ ಜನಸಂದಣಿಯ ನಡುವೆ, ಚಕ್ರದ ಪೆಟ್ಟಿಗೆಗಳು ಎರಡೂ ಕಡೆ ಸರಿದು ಹೋಗುತ್ತಿದ್ದಾಗ, ಒಂದೇ ಉಸಿರಾಡುತ್ತ ನಿಂತಿದ್ದರು.

"ಇದನ್ನ ಮೊದಲ ಯಾಕ ಹೇಳಲಿಲ್ಲ?" ಎಂದು ತಂಗಿಯನ್ನು ಕೇಳಿದೆ.

"ಹೇಳಿದ್ರ ಅವ್ವ ಬರ್ತಿದ್ದಳೇನಕ್ಕಾ?" ಎಂದಳು ಗೌತಮಿ.

ಉತ್ತರದ ಹೊಲ

ಮೆರೆಯ ಮನೆ ಆಕ್ಲೆಂಡಿನಿಂದ ಉತ್ತರಕ್ಕೆ ಎರಡು ತಾಸಿನ ದಾರಿ. ಕಾರಿನಲ್ಲಿ ಅವ್ವ ಮೆರೆಯ ಪಕ್ಕದಲ್ಲೇ ಕುಳಿತಳು. ಹಸಿರು ಗುಡ್ಡಗಳು, ಅವುಗಳ ಮೇಲೆ ಚೆಲ್ಲಿದಂತೆ ಕುರಿಗಳು, ಎಲ್ಲಿಯೂ ಮನುಷ್ಯರಿಲ್ಲ. ಬಹಳ ದೂರ ಹೋದ ಮೇಲೆ ಅವ್ವ ಕನಸಿನಲ್ಲಿ ಮಾತಾಡುವವಳ ಹಾಗೆ ಹೇಳಿದಳು:

"ಆಕಿ ಮೈಗಿ ಹಸಿ ಮಣ್ಣಿನ ವಾಸನಿ ಅದ. ಗೆಣಸಿನ ಹೊಲದ್ದು. ಮುಂಜಾನಿ ಹೊಲದಾಗ ಇದ್ದಾಳ ಆಕಿ."

ಗೌತಮಿ ಅದನ್ನು ಮೆರೆಗೆ ಹೇಳಿದಳು. ಮೆರೆ ತನ್ನ ತೋಳನ್ನು ಮೂಗಿಗೆ ಹಿಡಿದು ನೋಡಿಕೊಂಡು ಗಟ್ಟಿಯಾಗಿ ನಕ್ಕಳು. ಈಗ ಅವರಲ್ಲಿ ಗೆಣಸು ಕೀಳುವ ಕಾಲ. ಬೆಳಗ್ಗೆ ಎದ್ದು ನಾಲ್ಕು ಸಾಲು ಕಿತ್ತು, ಹೊತ್ತಾಯಿತೆಂದು ಕೈಕಾಲು ಮಾತ್ರ ತೊಳೆದು ಹೊರಟು ಬಂದಿದ್ದಳಂತೆ.

ಮರುದಿನ ನಾನು ಏಳುವಷ್ಟರಲ್ಲಿ ಬಿಸಿಲು ಏರಿತ್ತು. ಅವ್ವ ಹಾಸಿಗೆಯಲ್ಲಿ ಇರಲಿಲ್ಲ. ಬಚ್ಚಲಲ್ಲೂ ಇರಲಿಲ್ಲ. ಹಿತ್ತಲಿನ ಬಾಗಿಲು ತೆರೆದು ನೋಡಿದರೆ ದೂರದ ತನಕ ಮಟ್ಟಸವಾದ ಕಪ್ಪು ಹೊಲ, ಅದರ ನಡುವೆ ಇಬ್ಬರು. ನಾನೂ ಗೌತಮಿಯೂ ಬದುವಿನ ಮೇಲೆ ನಡೆದು ಹೋದೆವು. ಅವ್ವ ಹಳೆಯ ಸೀರೆಯನ್ನು ಕಚ್ಚೆ ಹಾಕಿ, ಮಣ್ಣಿನಲ್ಲಿ ಬರಿಗಾಲೂರಿ ಕುಳಿತಿದ್ದಳು. ಜಳಕವಿಲ್ಲ, ತಲೆ ಬಾಚಿಲ್ಲ, ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು. ಮೆರೆ ಮೊಳಕೈ ಅವಳ ಭುಜಕ್ಕೆ ತಾಗುವಷ್ಟು ಹತ್ತಿರ ಕುಳಿತು, ಬಳ್ಳಿ ಹಿಡಿದು ಜಗ್ಗುತ್ತಿದ್ದಳು.

ಗೌತಮಿಯನ್ನು ಕಂಡ ಕೂಡಲೇ ಅವ್ವ ತಲೆ ಎತ್ತಿದಳು.

"ಬಾ, ನಿನ್ನೇ ಕಾಯಾಕತ್ತಿದ್ದೆ. ಆಗಿಂದ ಕೈ ಮಾಡಿ ಹೇಳಿದ್ರೂ ತಿಳೀವಲ್ದು ಈಕೀಗಿ. ಬೀಗತಿಗಿ ಹೇಳು, ಹಿಂಗ ಜಗ್ಗಿದ್ರ ಗೆಣಸ ನಡುವ ಮುರೀತದ. ಬಾಜುಕಿನ ಮಣ್ಣ ಮೊದಲ ಸಡ್ಲ ಮಾಡಬೇಕು."

ಗೌತಮಿ ಹೇಳಿದಳು. ಮೆರೆ ಕೈಯಲ್ಲಿದ್ದ ಮುರಿದ ಗೆಣಸನ್ನು ನೋಡಿದಳು, ಅವ್ವನನ್ನು ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಸಲಿಕೆಯನ್ನು ಅವ್ವನ ಕೈಗೆ ಕೊಟ್ಟು, ತಾನು ಬುಟ್ಟಿ ಹಿಡಿದು ಸಾಲಿನ ಆ ಬದಿಗೆ ಕುಳಿತಳು.